ಬೋಂಡಾ ಕರಿದ ಎಣ್ಣೆ ಲಾರಿ ಟ್ಯಾಂಕಿಗೆ ಬರೋದು ಯಾವಾಗ?

ಡೀಸೆಲ್ ರೇಟು ಏರಿದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಓಡಾಡುತ್ತದೆ. ಯಾರೋ ಒಬ್ಬರು ಹೋಟೆಲಿನಿಂದ ತಂದ ಕರಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಗಾಡಿಯ ಟ್ಯಾಂಕಿಗೆ ಸುರಿದು, ಕೀ ತಿರುಗಿಸುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿ, ಬೆಂಗಳೂರಲ್ಲಿ ಲೀಟರಿಗೆ 91 ರೂಪಾಯಿ ದಾಟಿ, ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದಾಗ ಆ ವಿಡಿಯೋ ನನಗೆ ಮೂರು ಗ್ರೂಪಿನಿಂದ ಬಂತು.

ವಿಡಿಯೋ ಸುಳ್ಳು ಅಂತ ನಾನು ಹೇಳಲ್ಲ. ಆರು ತಿಂಗಳು ಬಿಟ್ಟು ಅದೇ ಗಾಡಿಯನ್ನು ಯಾರೂ ತೋರಿಸಲ್ಲ. ಅದನ್ನು ನಾನು ನಮ್ಮ ಭಾವನ ಲಾರಿಯಲ್ಲಿ ನೋಡಿದ್ದೇನೆ.

ಭಾವನದು ಹಳೇ ಕಾಲದ ಲಾರಿ. ಮೆಕ್ಯಾನಿಕಲ್ ಪಂಪು, ಸೆನ್ಸರ್ ಗಿನ್ಸರ್ ಏನೂ ಇಲ್ಲ. ಅವರ ಸ್ನೇಹಿತರೊಬ್ಬರು ಮದುವೆ ಅಡುಗೆ ಕಾಂಟ್ರಾಕ್ಟು ಮಾಡುತ್ತಿದ್ದರು. ಸೀಸನ್‌ನಲ್ಲಿ ವಾರಕ್ಕೆ ಎರಡು ಮೂರು ಟಿನ್ ಕರಿದ ಎಣ್ಣೆ ಉಳಿಯುತ್ತಿತ್ತು. ಭಾವ ಅದನ್ನು ತಂದು, ಗಸಿ ತಳಕ್ಕೆ ಇಳಿಯಲಿ ಅಂತ ಎರಡು ದಿನ ಬಿಟ್ಟು, ಹಳೇ ಪಂಚೆಯಲ್ಲಿ ಎರಡು ಸಲ ಸೋಸಿ, ಮೂರು ಪಾಲು ಡೀಸೆಲ್‌ಗೆ ಒಂದು ಪಾಲು ಸೇರಿಸುತ್ತಿದ್ದರು. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳೂ ಏನೂ ತೊಂದರೆ ಇರಲಿಲ್ಲ. ಗಾಡಿ ಹಿಂದೆ ನಿಂತರೆ ಹಪ್ಪಳ ಕರಿದ ವಾಸನೆ. ಭಾವನಿಗೆ ಖುಷಿಯೋ ಖುಷಿ.

ಡಿಸೆಂಬರ್‌ನಲ್ಲಿ ಮಂಗಳೂರಿನಿಂದ ಲೋಡ್ ತಗೊಂಡು ಬರುವಾಗ ಶಿರಾಡಿ ಘಾಟಿಯಲ್ಲಿ ಗಾಡಿ ಎಳೆಯೋದು ಕಡಿಮೆ ಮಾಡಿತು. ಹೇಗೋ ಹತ್ತಿಸಿಕೊಂಡು ಸಕಲೇಶಪುರದಲ್ಲಿ ರಾತ್ರಿ ನಿಲ್ಲಿಸಿದರು. ಬೆಳಗಿನ ಜಾವ ನಾಲ್ಕಕ್ಕೆ ಸ್ಟಾರ್ಟ್ ಮಾಡಿದರೆ ಗಾಡಿ ಉಸಿರೇ ಎತ್ತಲಿಲ್ಲ. ಟಾರ್ಚ್ ಹಿಡಿದು ಡೀಸೆಲ್ ಫಿಲ್ಟರ್ ಬಿಚ್ಚಿದರೆ ಒಳಗೆ ಕಂದು ಬಣ್ಣದ ತುಪ್ಪ. ನಿಜವಾಗಿ ಹಾಗೇ ಇತ್ತು, ಬೆರಳಿಗೆ ಮೆತ್ತಿಕೊಳ್ಳುವಷ್ಟು ಗಟ್ಟಿ. ಹಾಸನಕ್ಕೆ ಎಳೆಸಿಕೊಂಡು ಹೋಗಿ ಪಂಪು-ನಾಝಲ್ ಕೆಲಸ ಮಾಡುವವರ ಹತ್ತಿರ ಬಿಚ್ಚಿಸಿದಾಗ ನಾನೂ ಜೊತೆಗಿದ್ದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ತುದಿಯಲ್ಲಿ ಕರಿ ಕಟ್ಟಿಕೊಂಡು ಹೂಕೋಸಿನ ಹಾಗೆ ಉಬ್ಬಿತ್ತು. ಇಂಜಿನ್ ಆಯಿಲ್ ಇಳಿಸಿದರೆ ಹಲಸಿನ ಮೇಣದ ಹಾಗೆ ನೂಲು ನೂಲಾಗಿ ಬಂತು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಎಳೆದು ತೋರಿಸಿ, "ಅಣ್ಣ, ರಿಂಗ್ ಹಿಡ್ಕೊಂಡಿರುತ್ತೆ, ಇಂಜಿನ್ ಇಳಿಸ್ಲೇಬೇಕು" ಅಂದರು. ಎಣ್ಣೆಯಲ್ಲಿ ಉಳಿಸಿದ್ದೆಲ್ಲ ಆ ಒಂದು ಬಿಲ್ಲಿನಲ್ಲಿ ಹೋಯಿತು, ಮೇಲೆ ಸಾಲ.

ಯಾಕೆ ಹೀಗಾಗುತ್ತದೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ "ಡೀಸೆಲ್ ಇಂಜಿನ್ ಹುಟ್ಟಿದ್ದೇ ಅಡುಗೆ ಎಣ್ಣೆಗೆ" ಅನ್ನೋ ಮಾತು ಎಲ್ಲ ಕಡೆ ಕೇಳುತ್ತದೆ. ಅದರಲ್ಲಿ ಅರ್ಧ ಸತ್ಯ ಇದೆ. 1900ರಲ್ಲಿ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಟ್ಟೋ ಕಂಪನಿ ಒಂದು ಡೀಸೆಲ್ ಇಂಜಿನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿತ್ತು. ಈ ಇಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಕೂಡ ಆಮೇಲೆ ಇದರ ಬಗ್ಗೆ ಮಾತಾಡಿದ್ದಾರೆ. ಆದರೆ ಅವತ್ತಿನ ಇಂಜಿನ್ ನಿಧಾನಕ್ಕೆ ತಿರುಗುವ, ಒಂದೇ ಕಡೆ ನಿಂತು ಕೆಲಸ ಮಾಡುವ ದೊಡ್ಡ ಯಂತ್ರ. ಆಮೇಲಿನ ನೂರಿಪ್ಪತ್ತು ವರ್ಷ ಇಂಜಿನ್ ಬೆಳೆದದ್ದು ತೆಳ್ಳಗಿನ ಪೆಟ್ರೋಲಿಯಂ ಡೀಸೆಲ್‌ಗೆ ತಕ್ಕ ಹಾಗೆ.

ಮುಖ್ಯ ತೊಂದರೆ ಎಣ್ಣೆಯ ಮಂದ. 40 ಡಿಗ್ರಿ ಬಿಸಿಯಲ್ಲಿ ಅಳೆದರೆ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಮಂದದ ಅಳತೆ, 2ರಿಂದ 4.5 ಸೆಂಟಿಸ್ಟೋಕ್, ಅಡುಗೆ ಎಣ್ಣೆಯದು 30ರಿಂದ 40. ಅಂದರೆ ಹತ್ತು ಪಟ್ಟು ದಪ್ಪ. ನಾಝಲ್‌ನಲ್ಲಿರುವ ಕೂದಲೆಳೆಯಷ್ಟು ಸಣ್ಣ ತೂತುಗಳಿಂದ ಡೀಸೆಲ್ ಮಂಜಿನ ಹಾಗೆ ಹೊರಗೆ ಬರಬೇಕು, ಆಗ ಮಾತ್ರ ಪೂರ್ತಿ ಉರಿಯುತ್ತದೆ. ದಪ್ಪ ಎಣ್ಣೆ ಹನಿ ಹನಿಯಾಗಿ ಬೀಳುತ್ತದೆ. ಅರ್ಧ ಉರಿದು ನಾಝಲ್ ತುದಿಯಲ್ಲೇ ಕರಿಯಾಗುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆ ಹಿಡಿದು ರಿಂಗಿನ ಸಂದಿಯಿಂದ ಕೆಳಗಿಳಿದು ಇಂಜಿನ್ ಆಯಿಲ್ ಜೊತೆ ಸೇರಿಕೊಳ್ಳುತ್ತದೆ. ನಿಮ್ಮ ಮನೆ ಬಾಣಲೆಯ ಹೊರಗಡೆ ಒಂದು ಕಂದು ಜಿಡ್ಡು ಕೂತಿರುತ್ತದಲ್ಲ, ಎಷ್ಟು ತಿಕ್ಕಿದರೂ ಬಿಡದ್ದು, ಅದು ಎಣ್ಣೆ ಬಿಸಿಗೆ ಗಾಳಿಗೆ ಸಿಕ್ಕಿ ಒಂದಕ್ಕೊಂದು ಹೆಣೆದುಕೊಂಡು ಆದ ಅಂಟು. ಭಾವನ ಇಂಜಿನ್ ಒಳಗೆ ಆಗಿದ್ದೂ ಅದೇ.

ಇನ್ನು ಚಳಿ. ನಮ್ಮಲ್ಲಿ ಹೋಟೆಲು, ಬೇಕರಿ, ಮದುವೆ ಮನೆಯಲ್ಲಿ ಕರಿಯೋಕೆ ಬಳಸೋದು ಜಾಸ್ತಿ ತಾಳೆ ಎಣ್ಣೆ. ಅದು 20 ಡಿಗ್ರಿ ಆಸುಪಾಸಿನಲ್ಲೇ ಗರಣೆ ಕಟ್ಟೋಕೆ ಶುರು ಮಾಡುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೆಳಗ್ಗೆ 15 ಡಿಗ್ರಿ ಇರುತ್ತದೆ, ಮಲೆನಾಡಿನಲ್ಲಿ ಇನ್ನೂ ಕಡಿಮೆ. ಮೇ ತಿಂಗಳಲ್ಲಿ ಓಡಿದ ಗಾಡಿ ಡಿಸೆಂಬರ್‌ನಲ್ಲಿ ನಿಂತದ್ದು ಇದಕ್ಕೇ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಎರಡು ಟ್ಯಾಂಕಿನ ಪದ್ಧತಿ ಇದೆ. ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಎಣ್ಣೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ರೇಡಿಯೇಟರ್‌ಗೆ ಹೋಗುವ ಬಿಸಿ ನೀರಿನಿಂದಲೇ ಎಣ್ಣೆಯನ್ನು 70–80 ಡಿಗ್ರಿಗೆ ಕಾಯಿಸಿ, ಎಣ್ಣೆ ತೆಳುವಾದ ಮೇಲೆ ಅದಕ್ಕೆ ಬದಲಾಯಿಸುತ್ತಾರೆ. ಗಾಡಿ ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ಬಂದು ಪೈಪು, ಪಂಪು ಎಲ್ಲ ತೊಳೆದುಕೊಳ್ಳುವಷ್ಟು ಓಡಿಸಬೇಕು. ಜರ್ಮನಿಯಲ್ಲಿ 2000ದ ದಶಕದಲ್ಲಿ ಎಷ್ಟೋ ಲಾರಿ ಕಂಪನಿಗಳು ರೇಪ್‌ಸೀಡ್ ಅನ್ನೋ ಸಾಸಿವೆ ಜಾತಿಯ ಎಣ್ಣೆಯಲ್ಲಿ ಗಾಡಿ ಓಡಿಸಿದವು. ಆ ಎಣ್ಣೆಗೇ ಅಂತ ಬೇರೆ ಗುಣಮಟ್ಟ ಕೂಡ ಗೊತ್ತುಮಾಡಿದ್ದರು. 2008ರಿಂದ ಸರ್ಕಾರ ಅದಕ್ಕೂ ತೆರಿಗೆ ಹಾಕುತ್ತಾ ಬಂದಾಗ ಆ ಮಾರುಕಟ್ಟೆ ಕುಸಿದುಹೋಯಿತು. ಬ್ರಿಟನ್ನಿನ ವೇಲ್ಸ್‌ನಲ್ಲಿ 2002ರಲ್ಲಿ ಜನ ಅಂಗಡಿಯಿಂದ ಅಡುಗೆ ಎಣ್ಣೆ ತಂದು ಕಾರಿಗೆ ಹಾಕಿ, ಇಂಧನ ತೆರಿಗೆ ಕಟ್ಟಿಲ್ಲ ಅಂತ ಸಿಕ್ಕಿಬಿದ್ದರು. ಪೊಲೀಸರು ಅವರನ್ನು ಹಿಡಿದದ್ದು ಹೊಗೆಯ ವಾಸನೆಯಿಂದ. ಆಮೇಲೆ 2007ರಲ್ಲಿ ವರ್ಷಕ್ಕೆ 2,500 ಲೀಟರ್‌ವರೆಗೆ ತೆರಿಗೆ ಬೇಡ ಅಂತ ಅಲ್ಲಿನ ಸರ್ಕಾರವೇ ಸಡಿಲ ಮಾಡಿತು.

ನಮ್ಮಲ್ಲೂ ಪ್ರಯೋಗ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಮತ್ತು ಅವರ ತಂಡ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಲ್ಲೇ ಜನರೇಟರ್ ಓಡಿಸಿ ಹೊಲಕ್ಕೆ ನೀರು ಹಾಯಿಸಿ ತೋರಿಸಿದ್ದರು. ಅದು ಗೆದ್ದದ್ದಕ್ಕೆ ಕಾರಣ ಇದೆ. ಜನರೇಟರ್ ಒಂದೇ ವೇಗದಲ್ಲಿ, ಒಂದೇ ಲೋಡ್‌ನಲ್ಲಿ, ಬಿಸಿಯಾಗೇ ಗಂಟೆಗಟ್ಟಲೆ ಓಡುತ್ತದೆ. ಲಾರಿ ಹಾಗಲ್ಲ ಅಲ್ವಾ? ಟೋಲ್‌ನಲ್ಲಿ ನಿಲ್ಲುತ್ತದೆ, ಸಿಗ್ನಲ್‌ನಲ್ಲಿ ಸುಮ್ನೆ ಗುರುಗುಡುತ್ತದೆ, ಘಾಟಿಯಲ್ಲಿ ಏದುಸಿರು ಬಿಡುತ್ತದೆ. ಇಂಜಿನ್ ತಣ್ಣಗಿದ್ದಾಗ, ಲೋಡ್ ಇಲ್ಲದೆ ಆಡುತ್ತಿದ್ದಾಗಲೇ ಹಸಿ ಎಣ್ಣೆ, ಅಂದರೆ ಸಂಸ್ಕರಿಸದೆ ಹಾಗೇ ಹಾಕಿದ ಎಣ್ಣೆ, ಜಾಸ್ತಿ ಕೆಡಿಸೋದು.

ಈಗಿನ ಗಾಡಿಗಳಿಗಂತೂ ಹಸಿ ಎಣ್ಣೆಯ ಮಾತೇ ಎತ್ತಬೇಡಿ. 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನೋ ಹೊಗೆ ನಿಯಮ ಬಂದಿದೆ. ಕಾಮನ್ ರೈಲ್ ಪಂಪು 1,600 ಬಾರ್, ಅದಕ್ಕೂ ಮೇಲಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಒಂದು ಹನಿ ನೀರು, ಕಣ್ಣಿಗೆ ಕಾಣದ ಒಂದು ಚೂರು ಬೋಂಡಾ ಕರಿ ಸಾಕು ಇಂಜೆಕ್ಟರ್ ಕೆಡೋಕೆ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಯೂರಿಯಾ ದ್ರಾವಣ ಬಳಸಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಇದೆ. ಎಣ್ಣೆಯಲ್ಲಿರುವ ರಂಜಕ, ಕ್ಯಾಲ್ಸಿಯಂ ಅವೆರಡನ್ನೂ ಹಾಳು ಮಾಡುತ್ತವೆ. ವಾರಂಟಿ ಹೋಗುತ್ತದೆ. ಆರ್‌ಸಿಯಲ್ಲಿ ಡೀಸೆಲ್ ಅಂತ ಇರುವ ಗಾಡಿಯನ್ನು ನಾವೇ ಬೇರೆ ಇಂಧನಕ್ಕೆ ಮಾರ್ಪಾಡು ಮಾಡಿಕೊಂಡರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ.

ಹಾಗಾದರೆ ಕರಿದ ಎಣ್ಣೆಗೆ ಲಾರಿಯಲ್ಲಿ ಜಾಗವೇ ಇಲ್ವಾ? ಖಂಡಿತ ಇದೆ, ಬಯೋಡೀಸೆಲ್ ಆಗಿ ಬಂದರೆ. ಎಣ್ಣೆಯ ಒಂದೊಂದು ಕಣವೂ ಒಂದೇ ಗೂಟಕ್ಕೆ ಕಟ್ಟಿದ ಮೂರು ದನದ ಹಾಗಿದೆ. ಗೂಟ ಅಂದರೆ ಗ್ಲಿಸರಿನ್, ದನ ಅಂದರೆ ಕೊಬ್ಬಿನ ಆಮ್ಲಗಳು. ಮೆಥನಾಲ್ ಅನ್ನೋ ಆಲ್ಕೋಹಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಕಾಯಿಸಿದರೆ ಆ ಮೂರೂ ಬಿಚ್ಚಿಕೊಂಡು ಬೇರೆ ಬೇರೆ ಆಗುತ್ತವೆ. 100 ಕೆಜಿ ಎಣ್ಣೆಗೆ ಸುಮಾರು 11 ಕೆಜಿ ಮೆಥನಾಲ್ ಖರ್ಚಾಗಿ, ಹತ್ತಿರ ಹತ್ತಿರ 100 ಕೆಜಿ ಬಯೋಡೀಸೆಲ್, 10 ಕೆಜಿ ಗ್ಲಿಸರಿನ್ ಬರುತ್ತದೆ. ಹೀಗೆ ಬಿಚ್ಚಿದ ಎಣ್ಣೆಯ ಸ್ನಿಗ್ಧತೆ 4–5ಕ್ಕೆ ಇಳಿಯುತ್ತದೆ, ಡೀಸೆಲ್ ಪಕ್ಕದಲ್ಲೇ ನಿಲ್ಲುತ್ತದೆ. ಮೈಲೇಜ್ ಸ್ವಲ್ಪ ಕಡಿಮೆ, ಹೊಗೆಯಲ್ಲಿ ಮಸಿಯೂ ಕಡಿಮೆ. ಯುರೋಪಿನ ಲೆಕ್ಕದಲ್ಲಿ ಡೀಸೆಲ್‌ಗೆ ಹೋಲಿಸಿದರೆ ಕರಿದ ಎಣ್ಣೆಯ ಬಯೋಡೀಸೆಲ್‌ನಿಂದ ಹಸಿರುಮನೆ ಅನಿಲ ಶೇ 80ಕ್ಕೂ ಜಾಸ್ತಿ ಉಳಿಯುತ್ತದೆ.

ಇದನ್ನು ಮನೆ ಹಿತ್ತಲಲ್ಲಿ ಮಾಡೋಕೆ ಹೋಗಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಮೆಥನಾಲ್ ವಿಷ, ಕಣ್ಣು ತೆಗೆಯುವ ವಿಷ. ಅದಕ್ಕೆ ಬೆಂಕಿ ಹತ್ತಿಕೊಂಡರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಾಣೋದೂ ಇಲ್ಲ. ಅದೂ ಅಲ್ಲದೆ ಹತ್ತಾರು ಸಲ ಕರಿದ ಎಣ್ಣೆಯಲ್ಲಿ ಆಮ್ಲ ಜಾಸ್ತಿ ಇರುತ್ತದೆ. ಅದನ್ನು ಮೊದಲು ಸರಿಮಾಡದೆ ಕಾಸ್ಟಿಕ್ ಹಾಕಿದರೆ ನಿಮಗೆ ಸಿಗೋದು ಸೋಪು.

ಇನ್ನು ಈ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡೋದು ಇಂಜಿನ್ ಅಲ್ಲವೇ ಅಲ್ಲ, ಎಣ್ಣೆಯ ದಾರಿ.

ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈ 1ರಿಂದ ಒಂದು ನಿಯಮ ತಂದಿದೆ. ಕರಿಯುವ ಎಣ್ಣೆಯಲ್ಲಿ ಟಿಪಿಸಿ, ಅಂದರೆ ಕಾದು ಕಾದು ಕೆಟ್ಟ ಅಂಶ, ಶೇ 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸುವ ಹಾಗಿಲ್ಲ. ಅಂಥ ಎಣ್ಣೆ ತಿಂದರೆ ರಕ್ತದೊತ್ತಡ, ಹೃದಯ, ಲಿವರ್ ತೊಂದರೆ. ಅದೇ ವರ್ಷ ಆಗಸ್ಟ್‌ನಲ್ಲಿ ರೂಕೋ ಅನ್ನೋ ಯೋಜನೆ ಶುರುವಾಯಿತು. ಕೆಟ್ಟ ಎಣ್ಣೆಯನ್ನು ಹೋಟೆಲುಗಳಿಂದ ಕೊಂಡು ಬಯೋಡೀಸೆಲ್ ಮಾಡಿಸೋದು ಅದರ ಕೆಲಸ. 2019ರ ಆಗಸ್ಟ್‌ನಲ್ಲಿ ಸರ್ಕಾರಿ ತೈಲ ಕಂಪನಿಗಳು 100 ಊರುಗಳಿಗೆ ಅಂತ ಪ್ರಕಟಣೆ ಹೊರಡಿಸಿ, ಕರಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್‌ಗೆ ಮೊದಲ ವರ್ಷ ಲೀಟರಿಗೆ 51 ರೂಪಾಯಿ, ಎರಡನೇ ವರ್ಷ 52.70, ಮೂರನೇ ವರ್ಷ 54.50 ಕೊಡುತ್ತೇವೆ ಅಂದವು. 2018ರ ಜೈವಿಕ ಇಂಧನ ನೀತಿಯ ಗುರಿ 2030ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ 5 ಬಯೋಡೀಸೆಲ್. ನಮ್ಮ ಡೀಸೆಲ್ ಗುಣಮಟ್ಟದ ಪ್ರಕಾರ ಶೇ 7ರವರೆಗೆ ಬೆರೆಸಿದರೂ ಯಾವ ಗಾಡಿಗೂ ತೊಂದರೆ ಇಲ್ಲ. ಆದರೂ ಇಷ್ಟು ವರ್ಷದಲ್ಲಿ ನಾವು ಶೇ 1 ಕೂಡ ಮುಟ್ಟಿಲ್ಲ. ಎಥನಾಲ್ ಪೆಟ್ರೋಲ್‌ನಲ್ಲಿ ಶೇ 20ಕ್ಕೆ ಹೋಗಿ ಕೂತಿತು, ಬಯೋಡೀಸೆಲ್ ಬಾಗಿಲಲ್ಲೇ ನಿಂತಿದೆ.

ಯಾಕೆ ಅಂತ ತಿಳಿಯಬೇಕಾದರೆ ನಮ್ಮ ಬೀದಿ ಕಾಂಡಿಮೆಂಟ್ಸ್ ಅಂಗಡಿಗೆ ಬನ್ನಿ. ಚಕ್ಕುಲಿ, ನಿಪ್ಪಟ್ಟು, ಮಿಕ್ಸ್ಚರ್ ಅಲ್ಲೇ ಹಿಂದೆ ಕರಿಯುತ್ತಾರೆ. ವಾರಕ್ಕೆ ಒಂದು ಟಿನ್ ಹಳೇ ಎಣ್ಣೆ ಬೀಳುತ್ತದೆ. ಅದೆಲ್ಲಿಗೆ ಹೋಗುತ್ತದೆ ಅಂತ ಒಂದು ದಿನ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಸಾರ್, ಸಾಯಂಕಾಲ ಕಬಾಬ್ ಗಾಡಿಯವರು ಬರ್ತಾರೆ, ಕ್ಯಾಶ್ ಕೊಟ್ಟು ಟಿನ್ ಎತ್ಕೊಂಡು ಹೋಗ್ತಾರೆ. ಬಯೋಡೀಸೆಲ್‌ನವರು 50 ಲೀಟರ್ ಆದ್ಮೇಲೆ ಫೋನ್ ಮಾಡಿ ಅಂತಾರೆ. ಈ ಜಾಗದಲ್ಲಿ ನಾನು 50 ಲೀಟರ್ ಎಲ್ಲಿಡ್ಲಿ?"

ಇಡೀ ಯೋಜನೆ ಎಡವಿರೋದು ಇಲ್ಲೇ. ಕರಿದ ಎಣ್ಣೆಯನ್ನು ನಾವು ಕಸ ಅಂದುಕೊಳ್ಳುತ್ತೇವೆ, ಕಸ ಆದರೆ ಬಿಟ್ಟಿ ಸಿಗಬೇಕಲ್ಲ? ನಮ್ಮ ದೇಶದಲ್ಲಿ ಅದು ಕಸ ಅಲ್ಲ, ಬೆಲೆ ಇರುವ ಸರಕು. ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ. ಹೊಸ ಎಣ್ಣೆ ರೇಟು ಏರಿದಷ್ಟೂ ಹಳೇ ಎಣ್ಣೆಗೆ ಗಿರಾಕಿ ಜಾಸ್ತಿ. 2021–22ರಲ್ಲಿ ತಾಳೆ ಎಣ್ಣೆ ಗಗನಕ್ಕೇರಿದಾಗ 51–54 ರೂಪಾಯಿಯ ಲೆಕ್ಕ ಪೂರ್ತಿ ತಲೆಕೆಳಗಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಆಮದು ಸುಂಕ ಏರಿದಾಗಲೂ ಅಂಗಡಿಯವರು ಎಣ್ಣೆ ಬದಲಿಸೋದನ್ನು ಒಂದು ದಿನ ಮುಂದೂಡಿರುತ್ತಾರೆ, ನೀವೂ ನಾನೂ ಆ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆವೇನೋ. ಬಯೋಡೀಸೆಲ್‌ನವರು ಪೈಪೋಟಿ ಮಾಡಬೇಕಾಗಿರೋದು ಡೀಸೆಲ್ ಬಂಕಿನ ಜೊತೆ ಮಾತ್ರ ಅಲ್ಲ, ಕಬಾಬ್ ಗಾಡಿಯ ಜೊತೆಗೂ. ಆ ಗಾಡಿಯಲ್ಲಿ ತಿನ್ನುವವರು ದಿನಗೂಲಿಯವರು, ಹಾಸ್ಟೆಲ್ ಹುಡುಗರು, ರಾತ್ರಿ ಪಾಳಿಯ ಡ್ರೈವರುಗಳು. ಮೂರು ಅಡುಗೆಮನೆ ದಾಟಿ ಕಪ್ಪಾದ ಎಣ್ಣೆ ಕೊನೆಗೆ ಅವರ ಹೊಟ್ಟೆಗೇ ಹೋಗುತ್ತದೆ. ನನಗೆ ಸಿಟ್ಟು ಬರೋದು ಇದಕ್ಕೆ.

ನಿಯಮದಲ್ಲೂ ಒಂದು ತೂತಿದೆ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸುವವರು ಮಾತ್ರ ಹಳೇ ಎಣ್ಣೆ ಯಾರಿಗೆ ಕೊಟ್ಟೆವು ಅಂತ ಲೆಕ್ಕ ಬರೆದಿಡಬೇಕು. ದೊಡ್ಡ ಬರ್ಗರ್ ಅಂಗಡಿಗಳು, ಚಿಪ್ಸ್ ಫ್ಯಾಕ್ಟರಿಗಳು ಇದರಲ್ಲಿ ಬರುತ್ತವೆ, ಅವರದು ಸುಲಭ. ಮೆಕ್‌ಡೊನಾಲ್ಡ್ಸ್ ಬ್ರಿಟನ್ನಿನಲ್ಲಿ 2007ರಿಂದಲೂ ತನ್ನ ಕರಿದ ಎಣ್ಣೆಯ ಬಯೋಡೀಸೆಲ್‌ನಲ್ಲೇ ಲಾರಿ ಓಡಿಸುತ್ತಿದೆ, ಆಮೇಲೆ ಮುಂಬೈನಲ್ಲೂ ಹಾಗೆ ಮಾಡಿತು. ಎಣ್ಣೆ ಅವರದೇ, ಲಾರಿ ಅವರಿಗೇ ಅಂತ ಓಡುವುದು, ಸಾಮಾನು ಇಳಿಸಿ ವಾಪಸ್ ಬರುವಾಗ ಖಾಲಿ ಗಾಡಿಯಲ್ಲಿ ಹಳೇ ಎಣ್ಣೆ ತರುತ್ತಾರೆ. ನಮ್ಮ ಬೋಂಡಾ ಅಂಗಡಿ, ದರ್ಶಿನಿ, ಬೇಕರಿಗಳು ಸಾವಿರ ಸಾವಿರ ಇವೆ, ಒಂದೊಂದೂ ಆ ಮಿತಿಯ ಕೆಳಗೆ. ಟಿಪಿಸಿ ಅಳೆಯುವ ಮೀಟರ್ ಕೂಡ ಅವರ ಕೈಗೆಟುಕುವ ಬೆಲೆಯದಲ್ಲ.

ಮಧ್ಯದಲ್ಲಿ ಕಳ್ಳ ವ್ಯಾಪಾರ ಬೇರೆ. 2020–21ರಲ್ಲಿ ಗುಜರಾತಿನಲ್ಲಿ "ಬಯೋಡೀಸೆಲ್" ಅಂತ ಬೋರ್ಡು ಹಾಕಿಕೊಂಡು ಹೊರದೇಶದ ಕೈಗಾರಿಕಾ ಎಣ್ಣೆ ಮಾರುತ್ತಿದ್ದ ಪಂಪುಗಳ ಮೇಲೆ ಸಾಲು ಸಾಲು ದಾಳಿ ನಡೆಯಿತು. ಲಾರಿಯವರು ಅಗ್ಗ ಅಂತ ತುಂಬಿಸಿಕೊಂಡು ಇಂಜಿನ್ ಕಳೆದುಕೊಂಡರು. 2019ರ ಏಪ್ರಿಲ್‌ನ ಕೇಂದ್ರದ ಮಾರ್ಗಸೂಚಿ ಪ್ರಕಾರ ಶುದ್ಧ ಬಯೋಡೀಸೆಲ್ ಮಾರೋದು ಡೀಸೆಲ್‌ಗೆ ಬೆರೆಸೋಕೆ. ಐಎಸ್ 15607 ಗುಣಮಟ್ಟದ ಸರ್ಟಿಫಿಕೇಟ್ ತೋರಿಸದವರ ಹತ್ತಿರ, ಬಿಲ್ ಕೊಡದವರ ಹತ್ತಿರ ಒಂದು ಲೀಟರೂ ಹಾಕಿಸಬೇಡಿ.

ಈಗ ಹೊಸ ಗಿರಾಕಿಯೂ ಬಂದಿದೆ, ವಿಮಾನ. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ 2027ಕ್ಕೆ ಶೇ 1, 2028ಕ್ಕೆ ಶೇ 2 ಜೈವಿಕ ಇಂಧನ ಇರಬೇಕು ಅನ್ನೋದು ಕೇಂದ್ರದ ಗುರಿ. ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿಗೆ ಕರಿದ ಎಣ್ಣೆಯಿಂದ ಅದನ್ನು ತಯಾರಿಸುವ ಸರ್ಟಿಫಿಕೇಟ್ 2025ರಲ್ಲಿ ಸಿಕ್ಕಿದೆ. ವಿಮಾನದವರು ಲಾರಿಯವರಿಗಿಂತ ಜಾಸ್ತಿ ಬೆಲೆ ಕೊಡಬಲ್ಲರು. ಕೊಡಲಿ, ನನಗೆ ಬೇಜಾರಿಲ್ಲ. ಎಣ್ಣೆ ಬಾಣಲೆಗೆ ವಾಪಸ್ ಹೋಗದಿದ್ದರೆ ಸಾಕು.

ಲಾರಿ ಮಾಲೀಕರಿಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. ರೂಕೋ ಶುರುವಾದಾಗ ಎಫ್‌ಎಸ್‌ಎಸ್‌ಎಐ 2022ರ ಹೊತ್ತಿಗೆ 220 ಕೋಟಿ ಲೀಟರ್ ಕರಿದ ಎಣ್ಣೆ ಸಿಗಬಹುದು ಅಂದಿತ್ತು. ನಮ್ಮ ದೇಶ ವರ್ಷಕ್ಕೆ ಸುಡುವ ಡೀಸೆಲ್ ಸುಮಾರು 9 ಕೋಟಿ ಟನ್, ಅಂದರೆ 10,800 ಕೋಟಿ ಲೀಟರ್ ಆಸುಪಾಸು. 220 ಕೋಟಿ ಲೀಟರೂ ಒಂದು ಹನಿ ಚೆಲ್ಲದೆ ಸಿಕ್ಕರೂ ಅದು ಶೇ 2. ಡೀಸೆಲ್ ರೇಟಿನ ನೋವಿಗೆ ಇದು ಮದ್ದಾಗಲ್ಲ. ಹಾಗಂತ ಸಣ್ಣದೂ ಅಲ್ಲ. 15 ಲೀಟರಿನ ಒಂದು ಟಿನ್, ಬಯೋಡೀಸೆಲ್ ಆದರೆ, ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಲಾರಿಯನ್ನು 60 ಕಿಲೋಮೀಟರ್ ಓಡಿಸುತ್ತದೆ. ಬೆಂಗಳೂರು ಬಿಟ್ಟರೆ ತುಮಕೂರಿನ ಹತ್ತಿರಕ್ಕೆ. ಅದೇ ಟಿನ್ ಬಾಣಲೆಗೆ ವಾಪಸ್ ಹೋದರೆ ಎಷ್ಟು ಜನರ ತಟ್ಟೆಗೆ ಬೀಳುತ್ತದೆ ಯೋಚನೆ ಮಾಡಿ.

ಆಗಬೇಕಾದ್ದು ದೊಡ್ಡ ವಿಜ್ಞಾನ ಏನಿಲ್ಲ. ಐದು ಲೀಟರ್ ಇದ್ದರೂ ಒಯ್ಯುವ ಆಟೋ ವಾರಕ್ಕೊಂದು ದಿನ, ಗೊತ್ತಾದ ದಿನ, ಬೀದಿಗೆ ಬರಬೇಕು. ಹಸಿ ಕಸ, ಒಣ ಕಸದ ಗಾಡಿ ಬರೋದಿಲ್ವಾ, ಹಾಗೆ. ದುಡ್ಡು ಅಲ್ಲೇ ಕೈಗೆ ಕೊಡಬೇಕು, ಕಬಾಬ್ ಗಾಡಿಯವರು ಕೊಡೋದಕ್ಕಿಂತ ಒಂದೆರಡು ರೂಪಾಯಿ ಜಾಸ್ತಿ. ತೈಲ ಕಂಪನಿಗಳು ಬಯೋಡೀಸೆಲ್‌ಗೆ ಕೊಡುವ ಬೆಲೆಯನ್ನು ಮೂರು ವರ್ಷಕ್ಕೆ ಗಟ್ಟಿ ಮಾಡಿ ಕೂರದೆ ತಾಳೆ ಎಣ್ಣೆಯ ರೇಟಿಗೆ ತಕ್ಕ ಹಾಗೆ ಏರಿಸಿ ಇಳಿಸಬೇಕು. ಪಾಲಿಕೆ ಲೈಸೆನ್ಸ್ ನವೀಕರಿಸುವಾಗ ಹಳೇ ಎಣ್ಣೆ ಕೊಟ್ಟ ರಸೀದಿ ಕೇಳಬೇಕು, 50 ಲೀಟರಿನ ಮಿತಿ ನೋಡದೆ. ಕಾಂಡಿಮೆಂಟ್ಸ್ ಅಂಗಡಿಯವರಿಗೆ ಇದನ್ನೆಲ್ಲ ಹೇಳಿದೆ. ಅವರು ಟಿನ್ ಮುಚ್ಚಳ ಒತ್ತಿ ಮುಚ್ಚುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಯಾವ ವಾರ ಬರ್ತಾರೆ ಸಾರ್, ಮಂಗಳವಾರನಾ?"